ಕೊಕ್ಕೆ ಕಾಣುತ್ತದೆ, ಕನಸು ಕಾಣುವುದಿಲ್ಲ

ಯುದ್ಧದ ಸಿನಿಮಾ ಅಂದರೆ ನಾವು ಕಾಯುವುದು ಯುದ್ಧಕ್ಕೆ. ಬಾಂಬು ಬೀಳಬೇಕು, ಕೆಸರಲ್ಲಿ ಉರುಳಬೇಕು, ಯಾರೋ ಒಬ್ಬ ಗೆಳೆಯನ ತೊಡೆ ಮೇಲೆ ತಲೆಯಿಟ್ಟು ಪ್ರಾಣ ಬಿಡಬೇಕು. 'ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್' ಸಿನಿಮಾದಲ್ಲಿ ಇದ್ಯಾವುದೂ ಇಲ್ಲ. 1946ರ ಚಿತ್ರ, ಹತ್ತಿರ ಹತ್ತಿರ ಮೂರು ಗಂಟೆ ಓಡುತ್ತದೆ, ಒಬ್ಬನೇ ಒಬ್ಬ ಶತ್ರು ಕಣ್ಣಿಗೆ ಬೀಳುವುದಿಲ್ಲ. ಎರಡನೇ ಮಹಾಯುದ್ಧ ಮುಗಿಸಿ ಮೂವರು ಗಂಡಸರು ತಮ್ಮ ಊರಿಗೆ ಬರುತ್ತಾರೆ. ಕಥೆ ಅಂದರೆ ಇಷ್ಟೇ. ಆದರೂ ಯುದ್ಧ ಮನುಷ್ಯನನ್ನು ಏನು ಮಾಡುತ್ತದೆ ಅಂತ ನನಗೆ ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಚಿತ್ರ ನೆನಪಾಗುತ್ತಿಲ್ಲ.

ಅದರಲ್ಲಿ ಬರುವ ಒಂದು ಮಾತು ತಲೆಯೊಳಗೆ ಕೂತುಬಿಟ್ಟಿದೆ. ಹೋಮರ್ ಅನ್ನುವ ನಾವಿಕ, ಎರಡೂ ಕೈ ಕಳೆದುಕೊಂಡು ಉಕ್ಕಿನ ಕೊಕ್ಕೆ ಹಾಕಿಸಿಕೊಂಡು ಬಂದವನು, ಊರಿಗೆ ಬಂದ ಮೊದಲ ರಾತ್ರಿಯೇ ಮನೆಯಿಂದ ತಪ್ಪಿಸಿಕೊಂಡು ಬುಚ್ ಮಾವನ ಬಾರಿಗೆ ಬರುತ್ತಾನೆ. ಯಾಕೋ ಅಂದರೆ, ಮನೆಯಲ್ಲಿ ಎಲ್ಲರೂ ಒಂದೋ ಕೊಕ್ಕೆಯನ್ನೇ ದಿಟ್ಟಿಸುತ್ತಾರೆ, ಇಲ್ಲಾಂದ್ರೆ ಕೊಕ್ಕೆ ಕಣ್ಣಿಗೆ ಬೀಳದ ಹಾಗೆ ಬೇರೆ ಎಲ್ಲೋ ದಿಟ್ಟಿಸುತ್ತಾರೆ ಅನ್ನುತ್ತಾನೆ. ಅವನಿಗೆ ಎರಡೂ ಒಂದೇ ಹಿಂಸೆ. ಈ ಮಾತನ್ನು ಹಿಡಿದುಕೊಂಡು ಇಡೀ ಸಿನಿಮಾ ಮತ್ತೆ ನೋಡಿದೆ. ಆಮೇಲೆ ನನಗನ್ನಿಸಿದ್ದು, ಈ ಚಿತ್ರದಲ್ಲಿ ಗಾಯಕ್ಕಿಂತ ಜಾಸ್ತಿ ಜಾಗ ಸಿಕ್ಕಿರುವುದು ಗಾಯವನ್ನು ನೋಡುವವರ ಕಣ್ಣಿಗೆ. ಯಾವ ಗಾಯವನ್ನು ಎಲ್ಲರೂ ನೋಡುತ್ತಾರೆ, ಯಾವುದು ಯಾರ ಕಣ್ಣಿಗೂ ಬೀಳದೆ ಹಾಗೇ ಉಳಿದುಬಿಡುತ್ತದೆ ಅನ್ನುವುದೇ ಇದರ ವಿಷಯ. ನೋಡುವವರ ಲೆಕ್ಕದಲ್ಲಿ ನಾವೂ ಇದ್ದೇವೆ.

ಮನೆಯ ಅಂಗಳದಲ್ಲಿ ಎತ್ತಿದ ಕೈ

ಮೂವರೂ ಒಂದೇ ಬಾಂಬರ್ ವಿಮಾನದ ಮೂತಿಯಲ್ಲಿ ಕೂತು ಊರಿಗೆ ಬರುತ್ತಾರೆ. ಬೂನ್ ಸಿಟಿ, ಅಮೆರಿಕದ ನಡುಭಾಗದ ಒಂದು ಕಾಲ್ಪನಿಕ ಊರು. ಆಲ್ ಸ್ಟೀಫನ್‌ಸನ್ ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿದ್ದವನು, ಸೇನೆಯಲ್ಲಿ ಬರೀ ಸಾರ್ಜೆಂಟ್. ಫ್ರೆಡ್ ಡೆರಿ ಔಷಧಿ ಅಂಗಡಿಯಲ್ಲಿ ಸೋಡಾ, ಐಸ್‌ಕ್ರೀಂ ಕೊಡುತ್ತಿದ್ದವನು, ವಾಯುಪಡೆಯಲ್ಲಿ ಕ್ಯಾಪ್ಟನ್. ಯುದ್ಧ ಇಬ್ಬರನ್ನೂ ಮೇಲೆ ಕೆಳಗೆ ಮಾಡಿದೆ, ಊರು ಮತ್ತೆ ಅವರನ್ನು ಮೊದಲಿದ್ದ ಜಾಗಕ್ಕೇ ತಳ್ಳಲು ಕಾಯುತ್ತಿದೆ. ಹೋಮರ್ ಇನ್ನೂ ಹುಡುಗ. ಶಾಲೆಯಲ್ಲಿ ಫುಟ್‌ಬಾಲ್ ಆಡುತ್ತಿದ್ದವನು. ಅವನು ನಿಜಕ್ಕೂ ಯುದ್ಧವನ್ನೇ ನೋಡಿಲ್ಲ, ಹಡಗಿನ ಒಳಗೆ ರಿಪೇರಿ ಶಾಪಿನಲ್ಲಿ ಇದ್ದ, ಹಡಗಿಗೆ ಪೆಟ್ಟು ಬಿತ್ತು, ಬೆಂಕಿ ಹತ್ತಿತು, ಎಚ್ಚರ ಆದಾಗ ಕೈ ಇರಲಿಲ್ಲ.

ಟ್ಯಾಕ್ಸಿ ಮೊದಲು ನಿಲ್ಲುವುದು ಹೋಮರ್ ಮನೆ ಮುಂದೆ. ಅವನಿಗೆ ಇಳಿಯಲು ಮನಸ್ಸಿಲ್ಲ, ಮೊದಲು ಹೋಗಿ ಒಂದು ಪೆಗ್ ಹಾಕೋಣ ಅನ್ನುತ್ತಾನೆ. ಅಷ್ಟರಲ್ಲಿ ತಂಗಿ ನೋಡಿಬಿಡುತ್ತಾಳೆ. ಅಪ್ಪ ಅಮ್ಮ ಓಡಿ ಬರುತ್ತಾರೆ, ತಬ್ಬಿಕೊಳ್ಳುತ್ತಾರೆ, ಪಕ್ಕದ ಮನೆಯ ವಿಲ್ಮಾ ಓಡಿ ಬಂದು ಕುತ್ತಿಗೆಗೆ ಜೋತುಬೀಳುತ್ತಾಳೆ. ಹೋಮರ್ ಮಾತ್ರ ಕೈ ಎರಡನ್ನೂ ಪಕ್ಕದಲ್ಲಿ ಇಳಿಬಿಟ್ಟು ಕಂಬದ ಹಾಗೆ ನಿಂತಿರುತ್ತಾನೆ. ಟ್ಯಾಕ್ಸಿ ಹೊರಡುವಾಗ ಗೆಳೆಯರಿಗೆ ಟಾಟಾ ಮಾಡಲು ಅವನು ಕೊಕ್ಕೆ ಎತ್ತುತ್ತಾನೆ. ಅಭ್ಯಾಸ, ಅಷ್ಟೆ. ಆಗ ಅಮ್ಮನ ಬಾಯಿಂದ ಒಂದು ಬಿಕ್ಕು ಹೊರಬೀಳುತ್ತದೆ. ಅವಳು ತಡೆದುಕೊಳ್ಳುತ್ತಾಳೆ, ಆದರೆ ತಡೆದದ್ದೂ ಎಲ್ಲರಿಗೂ ಗೊತ್ತಾಗಿಹೋಗುತ್ತದೆ.

ಟ್ಯಾಕ್ಸಿಯೊಳಗೆ ಉಳಿದ ಇಬ್ಬರ ಮಾತು ಇನ್ನೂ ಚುಚ್ಚುತ್ತದೆ. ನೌಕಾಪಡೆಯವರು ಹುಡುಗನಿಗೆ ಕೊಕ್ಕೆ ಬಳಸುವುದನ್ನು ಚೆನ್ನಾಗಿಯೇ ಕಲಿಸಿದ್ದಾರೆ ಅಂತ ಫ್ರೆಡ್ ಅಂದರೆ, ತನ್ನ ಹುಡುಗಿಯನ್ನು ತಬ್ಬುವುದನ್ನು, ತಲೆ ನೇವರಿಸುವುದನ್ನು ಕಲಿಸಲು ಅವರಿಂದ ಆಗಲಿಲ್ಲವಲ್ಲ ಅನ್ನುತ್ತಾನೆ ಆಲ್. ವಿಮಾನದಲ್ಲಿ ಹೋಮರ್ ಅದೇ ಕೊಕ್ಕೆಯಿಂದ ಬೆಂಕಿಕಡ್ಡಿ ಗೀರಿ ಇವರ ಸಿಗರೇಟು ಹಚ್ಚಿದ್ದ. ಇಬ್ಬರೂ ಅದನ್ನು ನೋಡಿದ್ದರು, ಮುಜುಗರ ಪಟ್ಟಿರಲಿಲ್ಲ. ಸೈನಿಕರ ನಡುವೆ ಕೊಕ್ಕೆ ಅನ್ನುವುದು ಒಂದು ಸಾಮಾನು, ಹೇಗೆ ಕೆಲಸ ಮಾಡುತ್ತದೆ ಅಂತ ಕುತೂಹಲ ಪಡಬಹುದಾದ ಸಾಮಾನು. ಮನೆಗೆ ಬಂದ ಮೇಲೆ ಅದೇ ಕೊಕ್ಕೆ ದುಃಖದ ವಿಷಯ ಆಗಿಬಿಡುತ್ತದೆ. ಸಂಜೆ ಹಜಾರದಲ್ಲಿ ಎಲ್ಲರೂ ಕೂತಾಗ ವಿಲ್ಮಾಳ ಅಪ್ಪ ಮುಂದೇನು ಮಾಡ್ತೀಯಾ, ಯಾವ ಕೆಲಸಕ್ಕೆ ಸೇರ್ತೀಯಾ ಅಂತ ಶುರು ಮಾಡುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ. ಹೋಮರ್ ಕೈಯಲ್ಲಿದ್ದ ಲೋಟ ಜಾರುತ್ತದೆ. ಬೆಂಕಿಕಡ್ಡಿ ಗೀರಬಲ್ಲ ಕೊಕ್ಕೆಗೆ ಲೋಟ ಹಿಡಿಯಲು ಬರುವುದಿಲ್ಲವಾ? ಬರುತ್ತದೆ. ಅಷ್ಟು ಜನ ನೋಡುತ್ತಿರುವಾಗ ಬರುವುದಿಲ್ಲ.

ಮುಂದೆ ಒಂದು ದಿನ ಶೆಡ್ಡಿನಲ್ಲಿ ಹೋಮರ್ ಮತ್ತು ವಿಲ್ಮಾ ಮಾತಾಡುತ್ತಿರುವಾಗ ತಂಗಿ ತನ್ನ ಗೆಳೆಯರನ್ನು ಕಟ್ಟಿಕೊಂಡು ಬಂದು ಕಿಟಕಿಯಿಂದ ಇಣುಕುತ್ತಾಳೆ. ಅಣ್ಣನ ಕೊಕ್ಕೆ ತೋರಿಸುವ ಹೆಮ್ಮೆ ಅವಳಿಗೆ. ಹೋಮರ್ ಎರಡೂ ಕೊಕ್ಕೆಗಳಿಂದ ಗಾಜನ್ನು ಒಡೆದು ಹಾಕಿ, ನೋಡಬೇಕಾ, ನೋಡಿ, ಕಣ್ಣು ತುಂಬಾ ನೋಡಿ ಅಂತ ಕಿರುಚುತ್ತಾನೆ. ಆ ಕೊಕ್ಕೆ ಹೊರಗೆ ಬರುವುದು ನಮ್ಮ ಮುಖದ ಕಡೆಗೇ. ಅಲ್ಲಿಯವರೆಗೆ ನಾವೂ ಅದನ್ನೇ ತಾನೇ ಮಾಡುತ್ತಿದ್ದದ್ದು? ಅವನು ಹೇಗೆ ಸಹಿ ಹಾಕುತ್ತಾನೆ, ಹೇಗೆ ತಿನ್ನುತ್ತಾನೆ, ಹೇಗೆ ಬಂದೂಕಿನ ಕುದುರೆ ಎಳೆಯುತ್ತಾನೆ ಅಂತ ಬೆರಗಿನಿಂದ ನೋಡುತ್ತಿದ್ದೆವು.

ಬೆರಗಾಗಲು ಕಾರಣವೂ ಇದೆ. ಅದು ನಟನೆ ಅಲ್ಲ. ಹೋಮರ್ ಪಾತ್ರ ಮಾಡಿದ ಹೆರಾಲ್ಡ್ ರಸೆಲ್ ಅವರಿಗೆ ನಿಜಕ್ಕೂ ಎರಡೂ ಕೈ ಇರಲಿಲ್ಲ. ಸೇನೆಯಲ್ಲಿ ಸ್ಫೋಟಕಗಳ ತರಬೇತಿ ಕೊಡುತ್ತಿದ್ದ ಅವರು 1944ರ ಜೂನ್ 6ರಂದು, ಅಂದರೆ ಅತ್ತ ನಾರ್ಮಂಡಿಯಲ್ಲಿ ಮಿತ್ರಪಡೆಗಳು ದಡಕ್ಕೆ ಇಳಿಯುತ್ತಿದ್ದ ದಿನವೇ, ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಕೈಯಲ್ಲಿದ್ದ ಟಿಎನ್‌ಟಿ ಸಿಡಿದು ಎರಡೂ ಕೈ ಕಳೆದುಕೊಂಡರು. ಫ್ಯೂಸ್ ಕೆಟ್ಟಿತ್ತು. ಗಾಯಾಳುಗಳಿಗೆ ಧೈರ್ಯ ತುಂಬಲು ಸೇನೆ ಮಾಡಿಸಿದ ಒಂದು ಕಿರುಚಿತ್ರದಲ್ಲಿ ಅವರನ್ನು ನೋಡಿ ನಿರ್ದೇಶಕ ವಿಲಿಯಂ ವೈಲರ್ ಈ ಪಾತ್ರಕ್ಕೆ ಕರೆದರು. ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಹೊಸಬನಿಗೆ ನಟನೆಯ ಪಾಠ ಹೇಳಿಸಲು ಶುರು ಮಾಡಿದಾಗ ವೈಲರ್ ಸಿಟ್ಟಾಗಿ ನಿಲ್ಲಿಸಿದರು. ಅವರಿಗೆ ಬೇಕಿದ್ದದ್ದು ಕಲಿಯದ ಮನುಷ್ಯ.

ಪಿಯಾನೋ ಹತ್ತಿರ, ಫೋನು ದೂರ

ಈಗ ನಾನು ಹೇಳಬೇಕು ಅಂತಿದ್ದ ದೃಶ್ಯಕ್ಕೆ ಬರುತ್ತೇನೆ. ಬುಚ್ ಮಾವನ ಬಾರು. ಫ್ರೆಡ್‌ಗೆ ಮದುವೆಯಾಗಿದೆ, ಆದರೆ ಮನಸ್ಸು ಹರಿದಿರುವುದು ಆಲ್‌ನ ಮಗಳು ಪೆಗ್ಗಿ ಕಡೆಗೆ. ಆಲ್ ಅವನನ್ನು ಕರೆಸಿ, ನನ್ನ ಮಗಳನ್ನು ಬಿಟ್ಟುಬಿಡು ಅಂತ ನೇರವಾಗಿ ಹೇಳುತ್ತಾನೆ. ಸರಿ, ಈಗಲೇ ಫೋನ್ ಮಾಡಿ ಹೇಳಿಬಿಡ್ತೀನಿ ಅಂತ ಫ್ರೆಡ್ ಎದ್ದು ಬಾರಿನ ಆ ಕೊನೆಯಲ್ಲಿರುವ ಫೋನ್ ಬೂತಿಗೆ ಹೋಗುತ್ತಾನೆ. ಅದೇ ಹೊತ್ತಿಗೆ ಹೋಮರ್ ಬರುತ್ತಾನೆ. ಬುಚ್ ಮಾವ ಅವನಿಗೆ ಪಿಯಾನೋ ಹೇಳಿಕೊಟ್ಟಿದ್ದಾನೆ, ಆಲ್‌ಗೆ ಅದನ್ನು ತೋರಿಸಬೇಕು. ಇಬ್ಬರೂ ಕೂತು ಮಕ್ಕಳು ಮೊದಲು ಕಲಿಯುವಂಥ ಒಂದು ಸುಲಭದ ಟ್ಯೂನು ಬಾರಿಸುತ್ತಾರೆ. ಕೊಕ್ಕೆಗಳು ಪಿಯಾನೋ ಕೀಗಳ ಮೇಲೆ ಟಕಟಕ ಕುಣಿಯುತ್ತವೆ. ಹೋಮರ್ ಮುಖದಲ್ಲಿ ಇಡೀ ಸಿನಿಮಾದಲ್ಲೇ ಅಪರೂಪದ ಖುಷಿ.

ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಕ್ಯಾಮೆರಾವನ್ನು ಪಿಯಾನೋ ಪಕ್ಕ ಇಟ್ಟಿದ್ದಾರೆ. ಮುಂದೆ ದೊಡ್ಡದಾಗಿ ಕೊಕ್ಕೆ, ನಡುವೆ ಆಲ್, ಎಲ್ಲೋ ದೂರದಲ್ಲಿ ಬೆರಳುದ್ದ ಬೂತು, ಅದರೊಳಗೆ ಬೆನ್ನು ತಿರುಗಿಸಿದ ಫ್ರೆಡ್. ಡೀಪ್ ಫೋಕಸ್ ಅಂತಾರಲ್ಲ, ಹತ್ತಿರದ್ದೂ ದೂರದ್ದೂ ಒಂದೇ ಸಲ ಸ್ಪಷ್ಟವಾಗಿ ಕಾಣುವ ಹಾಗೆ ತೆಗೆಯುವುದು, ಅದರಲ್ಲಿ ಟೋಲೆಂಡ್ ಅವರನ್ನು ಮೀರಿಸಿದವರು ಆಗ ಯಾರೂ ಇರಲಿಲ್ಲ. ಫ್ರೆಡ್ ಏನು ಹೇಳಿದ, ಆ ಕಡೆ ಪೆಗ್ಗಿ ಏನಂದಳು, ಒಂದು ಶಬ್ದವೂ ಕೇಳುವುದಿಲ್ಲ. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕ್ಲೋಸ್‌ಅಪ್ ಹಾಕುತ್ತಿದ್ದರು, ಹುಡುಗಿಯ ಕಣ್ಣೀರು ತೋರಿಸುತ್ತಿದ್ದರು. ವೈಲರ್ ಅವನನ್ನು ಅಲ್ಲೇ ಬಿಟ್ಟುಬಿಡುತ್ತಾರೆ. ಮಾತು ಮುಗಿಸಿ ಫ್ರೆಡ್ ಯಾರಿಗೂ ಏನೂ ಹೇಳದೆ ಬಾಗಿಲು ತಳ್ಳಿ ಹೊರಟುಹೋಗುತ್ತಾನೆ. ಕಥೆಯ ಲೆಕ್ಕದಲ್ಲಿ ಆ ಹೊತ್ತಿನ ದೊಡ್ಡ ಘಟನೆ ಇದೇ. ಆದರೂ ಕಣ್ಣು ಹೋಗುವುದು ಪಿಯಾನೋ ಕಡೆಗೇ. ಫ್ರೆಂಚ್ ವಿಮರ್ಶಕ ಆಂದ್ರೆ ಬಾಜಾನ್ ಈ ದೃಶ್ಯದ ಬಗ್ಗೆ ಬಹಳ ಹಿಂದೆಯೇ ಬರೆದಿದ್ದಾರೆ, ಮುಂದಿನ ಆಟ ಹಿಂದಿನ ನಾಟಕದಿಂದ ನಮ್ಮ ಗಮನ ಹೇಗೆ ಎಳೆಯುತ್ತದೆ ಅಂತ. ಅದು ತಂತ್ರದ ಮಾತಾಯಿತು. ನನಗೆ ಅಲ್ಲಿ ಕಾಣುವುದು ಇನ್ನೊಂದು: ಕಾಣುವ ಗಾಯ ಮುಂದೆ ಕೂತು ಪಿಯಾನೋ ಬಾರಿಸುತ್ತಿದೆ, ಕಾಣದ ಗಾಯ ಹಿಂದೆ ಬೂತಿನೊಳಗೆ ನಿಂತಿದೆ. ನೋಡಬೇಡಿ ಅಂತ ಯಾರೂ ಅಡ್ಡ ಬಂದಿಲ್ಲ. ಫೋಕಸ್ ಎರಡಕ್ಕೂ ಇದೆ.

ಆಲ್ ಒಬ್ಬ ಮಾತ್ರ ಎರಡನ್ನೂ ನೋಡುತ್ತಿದ್ದಾನೆ, ಗಮನಿಸಿ. ಹೋಮರ್‌ಗೆ ಬೇಜಾರಾಗಬಾರದು ಅಂತ ಪಿಯಾನೋ ಕಡೆ ನಗುತ್ತಾನೆ, ಮತ್ತೆ ಬೂತಿನ ಕಡೆ ತಿರುಗುತ್ತಾನೆ.

ಮಂಚದ ಮೇಲೆ ಬಿದ್ದ ಕೈಗಳು

ಹೋಮರ್ ಕಥೆ ಮುಗಿಯುವ ಜಾಗ ಅವನ ಮಲಗುವ ಕೋಣೆ. ಅದಕ್ಕೂ ಮೊದಲು ಒಂದು ಸಣ್ಣ ದೃಶ್ಯದಲ್ಲಿ ಅವನ ಅಪ್ಪ ರಾತ್ರಿ ಕೋಣೆಗೆ ಬಂದು ಕೊಕ್ಕೆಯ ಪಟ್ಟಿಗಳನ್ನು ಬಿಚ್ಚಿಸಿ, ಮಲಗುವ ಅಂಗಿ ಹಾಕಿಸಿ, ಗುಂಡಿ ಹಾಕುವುದನ್ನು ನಾವು ನೋಡಿರುತ್ತೇವೆ. ದಿನಾ ನಡೆಯುವ ಕೆಲಸ ಅನ್ನುವ ಹಾಗೆ ನಡೆಯುತ್ತದೆ, ಜಾಸ್ತಿ ಮಾತಿಲ್ಲ.

ಆಮೇಲೊಂದು ರಾತ್ರಿ ಅಡುಗೆಮನೆಗೆ ವಿಲ್ಮಾ ಬರುತ್ತಾಳೆ. ಮನೆಯಲ್ಲಿ ನನ್ನನ್ನು ಬೇರೆ ಊರಿಗೆ ಕಳಿಸುತ್ತಿದ್ದಾರೆ, ನಿನ್ನನ್ನು ಮರೆಯಲಿ ಅಂತ, ನಿನ್ನ ಮನಸ್ಸಲ್ಲಿ ಏನಿದೆ ಹೇಳು ಅನ್ನುತ್ತಾಳೆ. ನಿನಗೇನೂ ಗೊತ್ತಿಲ್ಲ, ಬಾ ತೋರಿಸ್ತೀನಿ ಅಂತ ಅವನು ಮಹಡಿಗೆ ಕರೆದುಕೊಂಡು ಹೋಗುತ್ತಾನೆ. ಭುಜ ಕುಗ್ಗಿಸಿ, ಮೈ ಕೊಸರಿ, ಕೊಕ್ಕೆ ಪಟ್ಟಿ ಎಲ್ಲವನ್ನೂ ಒಟ್ಟಿಗೆ ಮಂಚದ ಮೇಲೆ ಬೀಳಿಸುತ್ತಾನೆ. ಮೊಂಡು ತೋಳುಗಳಿಂದಲೇ ಅಂಗಿ ಮೈಮೇಲೆ ಎಳೆದುಕೊಳ್ಳುತ್ತಾನೆ, ಅಷ್ಟು ಬರುತ್ತದೆ, ಗುಂಡಿ ಹಾಕಲು ಮಾತ್ರ ಬರುವುದಿಲ್ಲ. ಆಮೇಲೆ ಒಂದೊಂದೇ ಹೇಳುತ್ತಾನೆ. ನನ್ನ ಕೈ ಅಲ್ಲಿ ಮಂಚದ ಮೇಲಿವೆ. ಯಾರನ್ನಾದರೂ ಕೂಗದೆ ಮತ್ತೆ ಹಾಕಿಕೊಳ್ಳಲು ಆಗದು. ಸಿಗರೇಟು ಸೇದಲು ಆಗದು, ಪುಸ್ತಕ ಓದಲು ಆಗದು. ಗಾಳಿಗೆ ಆ ಬಾಗಿಲು ಮುಚ್ಚಿಕೊಂಡರೆ ತೆಗೆದು ಹೊರಗೆ ಬರಲು ಆಗದು. ಅಳುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಮಗುವಿನ ಹಾಗೆ.

ಈ ದೃಶ್ಯದಲ್ಲಿ ಸಂಗೀತ ಸ್ವಲ್ಪ ಜಾಸ್ತಿಯಾದರೂ, ವಿಲ್ಮಾ ಒಂದು ಹನಿ ಕಣ್ಣೀರು ಹೆಚ್ಚು ಹಾಕಿದರೂ ಎಲ್ಲ ಕೆಟ್ಟುಹೋಗುತ್ತಿತ್ತು. ಅವಳು ಮಾಡುವುದು ಇಷ್ಟು: ಹತ್ತಿರ ಬಂದು ಅಂಗಿಯ ಗುಂಡಿ ಹಾಕುತ್ತಾಳೆ. ಪ್ರೀತಿಯ ಮಾತು ಹೇಳುತ್ತಾಳೆ. ಅವನನ್ನು ಮಲಗಿಸಿ ಹೊದಿಸಿ, ಮಂಚದ ಮೇಲಿದ್ದ ಕೊಕ್ಕೆಗಳನ್ನು ಎತ್ತಿ ಪಕ್ಕಕ್ಕಿಡುತ್ತಾಳೆ. ಅವಳ ಕಣ್ಣು ಎಲ್ಲೂ ತಪ್ಪಿಸಿಕೊಳ್ಳುವುದಿಲ್ಲ, ಎಲ್ಲೂ ನೆಟ್ಟು ಕೂರುವುದೂ ಇಲ್ಲ. ಕೆಲಸ ಮಾಡುವವರ ಕಣ್ಣು ಹಾಗೇ ಇರುತ್ತದೆ, ಅಲ್ವಾ? ದಿಟ್ಟಿಸುವುದು, ಮುಖ ತಿರುಗಿಸುವುದು ಎರಡೂ ಸುಮ್ನೆ ನಿಂತವರ ಪಾಡು. ಗುಂಡಿ ಹಾಕುವವಳಿಗೆ ಗುಂಡಿ ನೋಡುವುದಿದೆ. ಹೋಮರ್‌ಗೆ ಬೇಕಾಗಿದ್ದದ್ದು ಇದು, ಸಿಕ್ಕಿತು. ಸಿನಿಮಾ ಮುಗಿಯುವಾಗ ಮದುವೆ, ಕೊಕ್ಕೆಯಿಂದಲೇ ಉಂಗುರ ತೊಡಿಸುತ್ತಾನೆ.

ಅಪ್ಪ ಓದಿದ ಕಾಗದ

ಫ್ರೆಡ್ ವಿಷಯ ಹೀಗಲ್ಲ. ಮೊದಲ ರಾತ್ರಿ ಆಲ್, ಫ್ರೆಡ್ ಇಬ್ಬರೂ ಕುಡಿದು ಆಲ್ ಮನೆಗೆ ಬಂದು ಬೀಳುತ್ತಾರೆ. ಪೆಗ್ಗಿ ತನ್ನ ಹಾಸಿಗೆಯನ್ನು ಫ್ರೆಡ್‌ಗೆ ಬಿಟ್ಟುಕೊಟ್ಟು ಹೊರಗೆ ಮಲಗುತ್ತಾಳೆ. ರಾತ್ರಿ ಅವನು ಕಿರುಚುವುದು ಕೇಳಿಸುತ್ತದೆ. ವಿಮಾನಕ್ಕೆ ಬೆಂಕಿ ಬಿದ್ದಿದೆ, ಗೆಳೆಯ ಒಳಗೇ ಸಿಕ್ಕಿಕೊಂಡಿದ್ದಾನೆ, ಹೊರಗೆ ಬಾ, ಹೊರಗೆ ಬಾ ಅಂತ ಕೂಗುತ್ತಿದ್ದಾನೆ. ಅವಳು ಹೋಗಿ ಮುಖ ಒರೆಸಿ, ಮಲಗು ಮಲಗು ಅಂತ ಸಮಾಧಾನ ಮಾಡಿ ಬರುತ್ತಾಳೆ. ಮಾರನೆ ದಿನ ಬೆಳಿಗ್ಗೆ ಅದರ ಮಾತು ದೊಡ್ಡದಾಗುವುದಿಲ್ಲ, ತಿಂಡಿ ಕಾಫಿಯಲ್ಲಿ ಮುಗಿಯುತ್ತದೆ.

ಕೈಗೆ ಕೊಕ್ಕೆ ಇದ್ದರೆ ಊರಿನವರು ಅಯ್ಯೋ ಅಂದಾರು. ರಾತ್ರಿಯ ಕನಸಿಗೆ ಯಾರು ಏನಂತಾರೆ? ಫ್ರೆಡ್‌ನ ಹೆಂಡತಿ ಮರೀಗೆ ಅವನು ಇಷ್ಟವಾಗುವುದು ಯೂನಿಫಾರ್ಮ್‌ನಲ್ಲಿ ಮಾತ್ರ. ಹಳೆಯ ಸೂಟು ಹಾಕಿಕೊಂಡು ಬಂದ ದಿನ ಅವಳ ಮುಖ ಬೀಳುತ್ತದೆ, ಯೂನಿಫಾರ್ಮ್ ಹಾಕಿಕೋ, ಹೊರಗೆ ಹೋಗೋಣ ಅನ್ನುತ್ತಾಳೆ. ಕೆಲಸಕ್ಕೆ ಅಂತ ಹಳೆಯ ಔಷಧಿ ಅಂಗಡಿಗೆ ಹೋದರೆ ಅದು ಯಾವುದೋ ದೊಡ್ಡ ಕಂಪನಿಯ ಪಾಲಾಗಿದೆ, ಹಿಂದೆ ಇವನ ಕೈಕೆಳಗಿದ್ದವನು ಈಗ ಮೇಲಿದ್ದಾನೆ. ವಾರಕ್ಕೆ 32 ಡಾಲರ್ 50 ಸೆಂಟ್ ಸಂಬಳ. ವಾಯುಪಡೆಯಲ್ಲಿ ಏನು ಕಲಿತೆ ಅಂದರೆ ಬಾಂಬು ಹಾಕುವುದನ್ನು ಕಲಿತೆ ಅನ್ನಬೇಕು. ಅದು ಯಾವ ಅಂಗಡಿಗೆ ಬೇಕು?

ಊರು ಬಿಡಲು ತೀರ್ಮಾನ ಮಾಡಿ ಅವನು ಹೊರಟ ಮೇಲೆ, ರೈಲು ಹಳಿಯ ಪಕ್ಕದ ಗುಡಿಸಲಿನಂಥ ಮನೆಯಲ್ಲಿ ಅವನ ಅಪ್ಪನ ಕೈಗೆ ಪದಕದ ಜೊತೆ ಬಂದ ಪ್ರಶಂಸಾಪತ್ರ ಸಿಗುತ್ತದೆ. ಮಗ ಅದನ್ನು ಬಿಟ್ಟು ಹೋಗಿದ್ದಾನೆ, ಬೆಲೆ ಇಲ್ಲದ ಕಾಗದ ಅಂತ. ಅಪ್ಪ ಹೆಂಡತಿಗೆ ಕೇಳುವ ಹಾಗೆ ಓದುತ್ತಾನೆ. ವಿಪರೀತ ನೋವು, ಸೋರುತ್ತಿರುವ ರಕ್ತ ಯಾವುದನ್ನೂ ಲೆಕ್ಕಿಸದೆ ಕ್ಯಾಪ್ಟನ್ ಡೆರಿ ತೆವಳಿಕೊಂಡು ಬಾಂಬ್‌ಸೈಟ್, ಅಂದರೆ ಬಾಂಬಿಗೆ ಗುರಿ ಹಿಡಿಯುವ ಯಂತ್ರದ ಹತ್ತಿರ ಹೋಗಿ ತನ್ನ ದಳವನ್ನು ಗುರಿಯ ಮೇಲೆ ಸರಿಯಾಗಿ ನಡೆಸಿದ ಅಂತ ಸರ್ಕಾರಿ ಭಾಷೆಯಲ್ಲಿ ಬರೆದಿದೆ. ಅಪ್ಪನ ಗಂಟಲು ಕಟ್ಟುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಸಿನಿಮಾದಲ್ಲಿ ಯುದ್ಧ ನಿಜವಾಗಿ ಕಾಣುವುದು ಇಲ್ಲೊಂದೇ ಕಡೆ, ಅದೂ ಮುದುಕನೊಬ್ಬನ ಓದಿನಲ್ಲಿ. ಮಗನಿಗೆ ಏನಾಗಿತ್ತು ಅಂತ ಅಪ್ಪನಿಗೆ ಗೊತ್ತಾಗುವುದು ಮಗ ಮನೆ ಬಿಟ್ಟ ಮೇಲೆ, ಒಬ್ಬ ಜನರಲ್ ಹೆಸರಿನಲ್ಲಿ ಟೈಪಾದ ಕಾಗದದಿಂದ. ಮಗ ಒಂದು ಮಾತು ಹೇಳಿರಲಿಲ್ಲ, ಅಪ್ಪ ಕೇಳಿಯೂ ಇರಲಿಲ್ಲ.

ಅದೇ ಹೊತ್ತಿಗೆ ಫ್ರೆಡ್ ವಿಮಾನ ನಿಲ್ದಾಣದಲ್ಲಿ. ವಿಮಾನಕ್ಕೆ ಇನ್ನೂ ಹೊತ್ತಿದೆ ಅಂತ ಸುಮ್ನೆ ಅಡ್ಡಾಡುತ್ತಾ ಹಿಂದಿನ ಬಯಲಿಗೆ ಹೋಗುತ್ತಾನೆ. ಅಲ್ಲಿ ಗುಜರಿಗೆ ಹೋಗಲಿರುವ ಬಾಂಬರ್ ವಿಮಾನಗಳು ಸಾಲುಗಟ್ಟಿ ನಿಂತಿವೆ. ಇದು ಸೆಟ್ ಅಲ್ಲ, ಕ್ಯಾಲಿಫೋರ್ನಿಯಾದ ಒಂಟಾರಿಯೋ ಅನ್ನುವ ಊರಿನಲ್ಲಿ ಯುದ್ಧ ಮುಗಿದ ಮೇಲೆ ನಿಜವಾಗಿಯೂ ಹೀಗೆ ವಿಮಾನ ತಂದು ನಿಲ್ಲಿಸಿದ್ದರು, ಅಲ್ಲೇ ತೆಗೆದದ್ದು. ಎಂಜಿನ್ ಕಿತ್ತ ಒಂದು ಬಿ-17ರೊಳಗೆ ಹತ್ತಿ, ಮೂತಿಯಲ್ಲಿ ತಾನು ಕೂರುತ್ತಿದ್ದ ಜಾಗದಲ್ಲಿ ಕೂರುತ್ತಾನೆ. ಕ್ಯಾಮೆರಾ ಹೊರಗಿನಿಂದ ಒಂದೊಂದಾಗಿ ಖಾಲಿ ಎಂಜಿನ್ ಜಾಗಗಳ ಮೇಲೆ ಹರಿಯುತ್ತದೆ, ಹ್ಯೂಗೋ ಫ್ರೀಡ್‌ಹೋಫರ್ ಅವರ ಸಂಗೀತ ಒಂದೊಂದೇ ಎಂಜಿನ್ ಶುರುವಾದ ಹಾಗೆ ಗುರುಗುಡುತ್ತದೆ, ಕ್ಯಾಮೆರಾ ಮೂತಿಯ ಕಡೆ ನುಗ್ಗುವಾಗ ನಿಂತ ವಿಮಾನ ನೆಲ ಬಿಟ್ಟು ಏಳುತ್ತಿದೆ ಅನ್ನಿಸಿಬಿಡುತ್ತದೆ. ಧೂಳು ಹಿಡಿದ ಗಾಜಿನ ಹಿಂದೆ ಫ್ರೆಡ್‌ನ ಬೆವರಿಳಿದ ಮುಖ. ಫ್ರೆಡ್ ಪಾತ್ರದ ಡೇನಾ ಆಂಡ್ರ್ಯೂಸ್ ಇಲ್ಲಿ ಏನೂ ಮಾಡುವುದಿಲ್ಲ, ಕೂತಿರುತ್ತಾರೆ ಅಷ್ಟೆ. ಅಷ್ಟು ಸಾಕಾಗಿದೆ.

ಈ ನಿರ್ದೇಶಕರಿಗೆ ಆ ಮೂತಿ ಗೊತ್ತಿತ್ತು. ವೈಲರ್ ಯುದ್ಧದಲ್ಲಿ ಬಿ-17ಗಳ ಜೊತೆ ಜರ್ಮನಿಯ ಮೇಲೆ ಹಾರಿ ಸಾಕ್ಷ್ಯಚಿತ್ರ ತೆಗೆದವರು. 1945ರಲ್ಲಿ ಇಟಲಿಯ ಮೇಲೆ ಬಿ-25 ವಿಮಾನದಿಂದ ಚಿತ್ರೀಕರಣ ಮಾಡುವಾಗ ಅವರ ಕಿವಿ ಹೋಯಿತು, ಒಂದಂತೂ ಮತ್ತೆ ಕೇಳಿಸಲೇ ಇಲ್ಲ. ಹೊರಗೆ ಗಾಯ ಇಲ್ಲ, ರಕ್ತ ಇಲ್ಲ. ಎದುರು ಕೂತವರಿಗೆ ಗೊತ್ತೂ ಆಗುವುದಿಲ್ಲ.

ಅದೇ ವರ್ಷ ಬೀಗ ಬಿದ್ದ ಚಿತ್ರ

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಅದೇ 1946ರಲ್ಲಿ ಜಾನ್ ಹ್ಯೂಸ್ಟನ್ ಅಮೆರಿಕದ ಸೇನೆಗಾಗಿ 'ಲೆಟ್ ದೇರ್ ಬಿ ಲೈಟ್' ಅನ್ನುವ ಸಾಕ್ಷ್ಯಚಿತ್ರ ಮುಗಿಸಿದರು. ನ್ಯೂಯಾರ್ಕ್ ಹತ್ತಿರ ಲಾಂಗ್ ಐಲೆಂಡ್‌ನ ಒಂದು ಸೇನಾ ಆಸ್ಪತ್ರೆಗೆ ಮನಸ್ಸು ಒಡೆದು ಬಂದ ಸೈನಿಕರು. ನಟರಲ್ಲ. ಕಾಲಿಗೆ ಏನೂ ಆಗದಿದ್ದರೂ ನಡೆಯಲಾರದವನು, ಮಾತು ತೊದಲುವವನು, ಹೆಸರೇ ಮರೆತವನು. ಪ್ರಿಯತಮೆಯ ಫೋಟೊ ವಿಷಯ ಹೇಳಲು ಹೋಗಿ ಬಿಕ್ಕಿ ಬಿಕ್ಕಿ ಅಳುವ ಒಬ್ಬ ಕಪ್ಪು ಸೈನಿಕ. ವೈದ್ಯರು ಕೇಳುತ್ತಾರೆ, ಅವರು ಹೇಳುತ್ತಾರೆ, ಕ್ಯಾಮೆರಾ ಸುಮ್ಮನೆ ಕೂತು ನೋಡುತ್ತದೆ. ಸೇನೆ ಇದನ್ನು ಜನ ನೋಡುವಂತಿಲ್ಲ ಅಂದುಬಿಟ್ಟಿತು. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ತೋರಿಸಲು ಹೊರಟಾಗ ಮಿಲಿಟರಿ ಪೊಲೀಸರು ಬಂದು ಪ್ರಿಂಟನ್ನೇ ಎತ್ತಿಕೊಂಡು ಹೋದರು. ರೋಗಿಗಳ ಖಾಸಗಿತನ ಕಾಪಾಡಬೇಕು ಅನ್ನುವುದು ಕೊಟ್ಟ ಕಾರಣ. ಯುದ್ಧಕ್ಕೆ ಹೋದವನು ಗಟ್ಟಿಯಾಗಿ ವಾಪಸ್ ಬರುತ್ತಾನೆ ಅನ್ನುವ ಕಥೆ ಉಳಿಯಬೇಕಿತ್ತು, ಅದಕ್ಕೇ ತಡೆದರು ಅನ್ನುವುದು ಹ್ಯೂಸ್ಟನ್ ಅವರ ಮಾತು. ಆಮೇಲೆ ಸೇನೆಯೇ ನಟರನ್ನಿಟ್ಟು ಅದೇ ವಿಷಯದ ಇನ್ನೊಂದು ಚಿತ್ರ ಮಾಡಿಸಿತು. ಮೂಲ ಚಿತ್ರದ ಮೇಲಿನ ತಡೆ ತೆಗೆದದ್ದು 1980ರ ಕೊನೆಯಲ್ಲಿ. ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಪಿಟಿಎಸ್‌ಡಿ, ಅಂದರೆ ಯುದ್ಧದಂಥ ಆಘಾತ ಆಮೇಲೂ ಮನಸ್ಸನ್ನು ಕಾಡುವ ಕಾಯಿಲೆ ಸೇರಿದ್ದೂ ಅದೇ 1980ರಲ್ಲಿ.

ಇತ್ತ ರಸೆಲ್ ಅವರಿಗೆ 1947ರ ಮಾರ್ಚ್‌ನಲ್ಲಿ ಒಂದೇ ಪಾತ್ರಕ್ಕೆ ಎರಡು ಆಸ್ಕರ್. ಸ್ಪರ್ಧೆಯಲ್ಲಿ ಗೆಲ್ಲುವುದಿಲ್ಲ ಅಂದುಕೊಂಡು ಅಕಾಡೆಮಿಯವರು ಮೊದಲೇ ಒಂದು ಗೌರವ ಪ್ರಶಸ್ತಿ ಎತ್ತಿಟ್ಟಿದ್ದರು, ಆಮೇಲೆ ನೋಡಿದರೆ ಪೋಷಕ ನಟ ಪ್ರಶಸ್ತಿಯೂ ಅವರಿಗೇ ಬಂತು. ಹೀಗೆ ಒಂದೇ ಪಾತ್ರಕ್ಕೆ ಎರಡು ಪಡೆದವರು ಇವತ್ತಿಗೂ ಬೇರೆ ಯಾರೂ ಇಲ್ಲ. ಅವರ ಬಗ್ಗೆ ನನ್ನ ಗೌರವ ಇದರಿಂದ ಒಂದು ಎಳೆಯೂ ಕಮ್ಮಿಯಾಗುವುದಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೈ ಹೋದವನಿಗೆ ವೇದಿಕೆ, ಮನಸ್ಸು ಹೋದವನಿಗೆ ಬೀಗ. (ವೇದಿಕೆಯೂ ಶಾಶ್ವತ ಅಲ್ಲ. ಕೈ ಇಲ್ಲದವರಿಗೆ ಸಿನಿಮಾದಲ್ಲಿ ಎಷ್ಟು ಪಾತ್ರ ಸಿಕ್ಕೀತು, ಹೋಗಿ ಓದು ಮುಗಿಸು ಅಂತ ವೈಲರ್ ಅವರೇ ರಸೆಲ್‌ಗೆ ಹೇಳಿದ್ದರು. ರಸೆಲ್ ಬಾಸ್ಟನ್‌ನಲ್ಲಿ ಕಾಲೇಜು ಮುಗಿಸಿದರು, ಬದುಕಿನ ಬಹುಪಾಲು ಮಾಜಿ ಸೈನಿಕರ ಮತ್ತು ಅಂಗವಿಕಲರ ಕೆಲಸದಲ್ಲೇ ಕಳೆದರು. 1992ರಲ್ಲಿ ಆ ಎರಡರಲ್ಲಿ ಒಂದು ಆಸ್ಕರನ್ನು 60,500 ಡಾಲರಿಗೆ ಹರಾಜಿನಲ್ಲಿ ಮಾರಿದರು, ಹೆಂಡತಿಯ ಚಿಕಿತ್ಸೆಗೆ ಅಂತ. ಅಕಾಡೆಮಿಯವರು ಬೇಡ ಅಂದರೂ ಕೇಳಲಿಲ್ಲ. ಒಳ್ಳೆಯದೇ ಮಾಡಿದರು.)

ಆಲ್ ಮತ್ತು ಅವನ ಗ್ಲಾಸು

ಆಲ್ ಬಗ್ಗೆ ಜಾಸ್ತಿ ಬರೆಯಲಿಲ್ಲ, ಯಾಕೆಂದರೆ ಸಿನಿಮಾ ಕೂಡ ಅವನ ಗಾಯವನ್ನು ತಮಾಷೆಯಲ್ಲೇ ತೇಲಿಸಿಬಿಡುತ್ತದೆ. ಕುಡಿಯುತ್ತಾನೆ, ಕುಡಿಯುತ್ತಲೇ ಇರುತ್ತಾನೆ. ಬ್ಯಾಂಕಿನವರು ಸನ್ಮಾನದ ಊಟ ಇಟ್ಟಾಗ ಪಕ್ಕದಲ್ಲಿ ಕೂತ ಹೆಂಡತಿ ಮಿಲಿ ಒಂದೊಂದು ಪೆಗ್ಗಿಗೂ ಮೇಜುಬಟ್ಟೆಯ ಮೇಲೆ ಫೋರ್ಕಿನಿಂದ ಒಂದೊಂದು ಗೀಟು ಎಳೆಯುತ್ತಾ ಹೋಗುತ್ತಾಳೆ. ನಾವು ನಗುತ್ತೇವೆ. ಆಮೇಲೆ ಅವನು ಎದ್ದು ಭಾಷಣ ಮಾಡುತ್ತಾನೆ: ಆ ಗುಡ್ಡ ಹಿಡಿಯಿರಿ ಅಂತ ಮೇಜರ್ ಅಂದಾಗ ನಾನು, ಅಡಮಾನ ಏನು ಕೊಡ್ತೀರಿ ಅಂದೆ, ಹಾಗಾಗಿ ಗುಡ್ಡ ಹಿಡಿಯಲಿಲ್ಲ, ಯುದ್ಧ ಸೋತೆವು ಅಂತ. ಜಮೀನು ಕೊಳ್ಳಲು ಸಾಲ ಕೇಳಿ ಬಂದ ಮಾಜಿ ಸೈನಿಕನಿಗೆ ಅಡಮಾನ ಇಲ್ಲದೆ ಯಾಕೆ ಸಾಲ ಕೊಟ್ಟೆ ಅಂತ ಮೇಲಿನವರು ಅವನನ್ನು ಕೇಳಿದ್ದರು, ಅದಕ್ಕೆ ಕೊಟ್ಟ ಉತ್ತರ ಇದು. ಆಲ್ ಪಾತ್ರ ಮಾಡಿದ ಫ್ರೆಡ್ರಿಕ್ ಮಾರ್ಚ್ ಅವರಿಗೆ ಆಸ್ಕರ್ ಬಂದದ್ದು ಸುಮ್ಮನೆ ಅಲ್ಲ. ಆದರೂ ಆ ಗೀಟುಗಳ ಬಗ್ಗೆ ಸಿನಿಮಾ ಆಮೇಲೆ ಸೀರಿಯಸ್ಸಾಗಿ ಯೋಚಿಸುವುದೇ ಇಲ್ಲ. ಮಗನಿಗೆ ಅಂತ ಅವನು ತಂದ ಜಪಾನಿ ಖಡ್ಗವನ್ನು ಹುಡುಗ ಪಕ್ಕಕ್ಕಿಟ್ಟು, ಹಿರೋಷಿಮಾದಲ್ಲಿ ಬದುಕುಳಿದವರ ಮೇಲೆ ವಿಕಿರಣದ ಪರಿಣಾಮ ನೋಡಿದೆಯಾ ಅಪ್ಪಾ ಅಂತ ಕೇಳುತ್ತಾನೆ. ಇಲ್ಲ, ನೋಡಬೇಕಿತ್ತಾ ಅನ್ನುತ್ತಾನೆ ಆಲ್. 1946ರಲ್ಲಿ ಈ ಪ್ರಶ್ನೆ ಒಬ್ಬ ಶಾಲೆ ಹುಡುಗನ ಬಾಯಲ್ಲಿ ಬಂದದ್ದೇ ದೊಡ್ಡದು, ಉತ್ತರ ಅದಕ್ಕಿಂತ ದೊಡ್ಡದು.

ನನ್ನ ತಕರಾರುಗಳು

ಮರೀ ಪಾತ್ರಕ್ಕೆ ಅನ್ಯಾಯ ಆಗಿದೆ. ಸಿನಿಮಾದ ಹೆಸರು ಇರುವ ಮಾತನ್ನು ಆಡುವವಳು ಅವಳೇ. ನನ್ನ ಬದುಕಿನ ಒಳ್ಳೆಯ ವರ್ಷಗಳನ್ನೆಲ್ಲ ನಿನಗಾಗಿ ಬಿಟ್ಟುಕೊಟ್ಟೆ, ನೀನೇನು ಸಾಧಿಸಿದೆ ಅಂತ ಫ್ರೆಡ್ ಮುಖಕ್ಕೆ ಎಸೆಯುತ್ತಾಳೆ. ಅದನ್ನು ನಾವು ದುರಾಸೆಯ ಹೆಂಗಸಿನ ಮಾತು ಅಂತ ಕೇಳಿಸಿಕೊಳ್ಳಬೇಕು ಅನ್ನುವ ಹಾಗೆ ಚಿತ್ರ ನಡೆದುಕೊಳ್ಳುತ್ತದೆ. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ? ಅವಳು ಮದುವೆಯಾದದ್ದು ಅವನು ಯುದ್ಧಕ್ಕೆ ಹೋಗುವ ಮೊದಲು, ಪರಿಚಯವಾಗಿ ಕೆಲವೇ ದಿನಕ್ಕೆ. ಬಂದವನು ಬೇರೆ ಯಾರೋ, ರಾತ್ರಿ ಕಿರುಚುತ್ತಾನೆ, ಹಗಲು ಮಾತಾಡುವುದಿಲ್ಲ. ಅಂಥವನ ಜೊತೆ ಬದುಕುವುದು ಹೇಗೆ ಅಂತ ಅವಳಿಗೆ ಹೇಳಿಕೊಡುವವರು ಯಾರಿದ್ದರು? ವಿಲ್ಮಾಗೆ ಗುಂಡಿ ಇತ್ತು, ಏನು ಮಾಡಬೇಕು ಅಂತ ಕಣ್ಣಿಗೆ ಕಾಣುತ್ತಿತ್ತು. ಮರೀಗೆ ಹಾಕಲು ಯಾವ ಗುಂಡಿಯೂ ಇರಲಿಲ್ಲ.

ಇನ್ನೊಂದು, ಕಪ್ಪು ಸೈನಿಕರು. ಸುಮಾರು ಒಂದು ಕೋಟಿ ಅರವತ್ತು ಲಕ್ಷ ಅಮೆರಿಕನ್ನರು ಆ ಯುದ್ಧದಲ್ಲಿ ಸೇವೆ ಮಾಡಿದರು, ಅವರಲ್ಲಿ ಲಕ್ಷಾಂತರ ಮಂದಿ ಕಪ್ಪು ಜನ, ಬೇರೆ ತುಕಡಿಗಳಲ್ಲಿ. ಸೈನ್ಯದಲ್ಲಿ ಆ ಬೇಲಿ ತೆಗೆಯಿರಿ ಅಂತ ಅಧ್ಯಕ್ಷ ಟ್ರೂಮನ್ ಆದೇಶ ಬಂದದ್ದು 1948ರಲ್ಲಿ. ಬೂನ್ ಸಿಟಿಗೆ ಹೀಗೆ ವಾಪಸ್ ಬಂದ ಒಬ್ಬನ ಕಥೆಯೂ ಇಲ್ಲಿಲ್ಲ. ಅಡಮಾನ ಇಲ್ಲದೆ ಸಾಲ ಕೊಡುವ ಆಲ್ ಎದುರು ಒಬ್ಬ ಕಪ್ಪು ಸೈನಿಕ ಬಂದು ಕೂತಿದ್ದರೆ ಆ ದೃಶ್ಯ ಹೇಗಿರುತ್ತಿತ್ತು? ಹ್ಯೂಸ್ಟನ್ ಚಿತ್ರದಲ್ಲಾದರೂ ಅವರ ಮುಖ ಕಾಣುತ್ತದೆ, ಆದರೆ ಅದನ್ನು ಜನ ನೋಡಿದ್ದು ಮೂವತ್ತು ವರ್ಷಕ್ಕೂ ಹೆಚ್ಚು ತಡವಾಗಿ.

ದೊಡ್ಡ ತಕರಾರು ಫ್ರೆಡ್ ವಿಷಯದ್ದು. ಗುಜರಿ ವಿಮಾನದೊಳಗೆ ಕೂತವನನ್ನು ಮೇಸ್ತ್ರಿ ಬಂದು ಗದರುತ್ತಾನೆ. ಹಳೆಯದನ್ನೆಲ್ಲ ನೆನಪಿಸಿಕೊಳ್ತಿದ್ದೀಯಾ ಅಂದರೆ, ಇರಬಹುದು, ಒಳಗಿನಿಂದ ಹೊರಗೆ ಹಾಕುತ್ತಿದ್ದೀನೇನೋ ಅನ್ನುತ್ತಾನೆ ಫ್ರೆಡ್. ಈ ಲೋಹದಿಂದ ಮನೆ ಕಟ್ಟುವ ಸಾಮಾನು ಮಾಡ್ತೀವಿ ಅನ್ನುತ್ತಾನೆ ಮೇಸ್ತ್ರಿ, ಫ್ರೆಡ್ ಅಲ್ಲೇ ಕೆಲಸ ಕೇಳುತ್ತಾನೆ, ಸಿಕ್ಕೇಬಿಡುತ್ತದೆ. ಒಂದು ಸಲ ಮೂತಿಯಲ್ಲಿ ಕೂತು ಬೆವರಿದರೆ ಬಿಟ್ಟು ಹೋಗುವಂಥದ್ದಾ ಅದು? ಅವನು ಪಾಪ 'ಏನೋ' ಅಂತಲೇ ಹೇಳಿದ್ದ, ಸಿನಿಮಾ ಅದನ್ನು 'ಹೌದು' ಅಂತ ತೆಗೆದುಕೊಂಡು ಮುಂದೆ ಹೋಗುತ್ತದೆ. ಮುಂದಿನ ದೃಶ್ಯದಲ್ಲಿ ಹೋಮರ್ ಮದುವೆ. ಒಂದೇ ಫ್ರೇಮಿನಲ್ಲಿ ಒಂದು ಕಡೆ ಮದುಮಕ್ಕಳು, ಇನ್ನೊಂದು ಕಡೆ ಒಬ್ಬರನ್ನೊಬ್ಬರು ನೋಡುತ್ತಾ ನಿಂತ ಫ್ರೆಡ್ ಮತ್ತು ಪೆಗ್ಗಿ. ಮತ್ತೆ ಡೀಪ್ ಫೋಕಸ್. ಎಲ್ಲರೂ ಹೋಮರ್ ಸುತ್ತ ಮುತ್ತಿಕೊಂಡಾಗ ಫ್ರೆಡ್ ಅವಳ ಹತ್ತಿರ ಬಂದು, ದುಡ್ಡಿರಲ್ಲ, ಇರಲು ಒಳ್ಳೆಯ ಮನೆ ಇರಲ್ಲ, ನೆಲೆ ನಿಲ್ಲಲು ವರ್ಷಗಟ್ಟಲೆ ಬೇಕು ಅನ್ನುತ್ತಾನೆ. ಅವಳು ನಗುತ್ತಾ ಕೇಳಿಸಿಕೊಳ್ಳುತ್ತಾಳೆ. ಬರಲಿರುವ ಕಷ್ಟಗಳ ಆ ಪಟ್ಟಿಯಲ್ಲಿ ದುಡ್ಡಿದೆ, ಮನೆಯಿದೆ, ಕೆಲಸವಿದೆ. ಕನಸು ಮಾತ್ರ ಇಲ್ಲ. ಅವನು ಹೇಳಲಿಲ್ಲ, ಅದನ್ನು ಕಿವಿಯಾರೆ ಕೇಳಿದ್ದ ಅವಳೂ ಕೇಳಲಿಲ್ಲ, ಮೂರು ಗಂಟೆ ಇವರ ಜೊತೆಗಿದ್ದ ಚಿತ್ರಕ್ಕೂ ಮತ್ತೆ ಅದರ ನೆನಪಾಗಲಿಲ್ಲ.